ನೀನು ಅಳಿಸಿದ ಆ ನಾಲ್ಕು ಸಾಲು

ಪುಟ್ಟೀ,

ಹೋದ ಭಾನುವಾರ ರಾತ್ರಿ ನೀನು ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವಂತೆ ನಾಲ್ಕು ಸಾಲು ಬರೆದು ಹಾಕಿದ್ದೆ. "ಹೊಸ ಕೆಲಸ ಚೆನ್ನಾಗಿದೆ. ಜನ ಒಳ್ಳೆಯವರು. ಆದರೂ ಸಂಜೆ ರೂಮಿಗೆ ಬಂದರೆ ಮಾತಾಡೋಕೆ ಯಾರೂ ಇಲ್ಲ. ಮೂರು ತಿಂಗಳಿಂದ ತುಂಬಾ ಒಂಟಿ ಅನಿಸ್ತಿದೆ." ಅದನ್ನು ಓದಿದ ಹತ್ತೇ ನಿಮಿಷಕ್ಕೆ ನಾನು ಫೋನ್ ಮಾಡಿದೆ. ಹೇಗಿದ್ದೀಯಾ ಅಂತ ಕೇಳಲಿಲ್ಲ. "ಮೊದಲು ಅದನ್ನು ತೆಗಿ, ನೋಡಿದವರು ಏನಂದುಕೊಳ್ಳುತ್ತಾರೆ" ಅಂದೆ. ನೀನು "ಸರಿ ಅಪ್ಪಾ" ಅಂದೆ. ತೆಗೆದುಬಿಟ್ಟೆ.

ಆ "ಸರಿ ಅಪ್ಪಾ" ಐದು ದಿನದಿಂದ ನನ್ನ ಕಿವಿಯಲ್ಲೇ ಇದೆ. ನಾನು ತಪ್ಪು ಮಾಡಿದೆ ಮಗಳೇ. ಫೋನಿನಲ್ಲಿ ಹೇಳಿದರೆ ನೀನು "ಪರವಾಗಿಲ್ಲ ಬಿಡಿ" ಅಂದುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಅಜ್ಜಿ ಹೋದ ಮೇಲೆ ನಾನು ಅತ್ತಿದ್ದನ್ನು ನೀನು ನೋಡಿಲ್ಲ. ಯಾರೂ ನೋಡಿಲ್ಲ. ಹನ್ನೊಂದು ತಿಂಗಳು ಎಲ್ಲವನ್ನೂ ಒಳಗೇ ಇಟ್ಟುಕೊಂಡಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಸುಮ್ನೆ ಸುಮ್ನೆ ಸಿಟ್ಟು ಬರುತ್ತಿತ್ತು. ಒಂದು ದಿನ ಕಪಾಟಿನಲ್ಲಿ ಅಜ್ಜಿಯ ಹಳೇ ಕನ್ನಡಕ ಸಿಕ್ಕಿತು. ಒಂದು ಕಡ್ಡಿಗೆ ಅವಳೇ ದಾರ ಸುತ್ತಿದ್ದಳು. ಅದರ ಫೋಟೋ ತೆಗೆದು ಫೇಸ್‌ಬುಕ್‌ನಲ್ಲಿ ಹಾಕಿ, ಕೆಳಗೆ "ಅಮ್ಮನ ಕನ್ನಡಕ. ಅವಳಿಲ್ಲದೆ ನನಗೆ ಆಗುತ್ತಿಲ್ಲ" ಅಂತ ಬರೆದೆ. ಬರೆಯುವಾಗ ಕೈ ನಡುಗುತ್ತಿತ್ತು. ಹಾಕಿದ ಮೇಲೆ ಫೋನ್ ಮಗುಚಿಟ್ಟು ಹೊರಗೆ ಹೋಗಿಬಿಟ್ಟೆ.

ವಾಪಸ್ ಬಂದು ನೋಡಿದರೆ ಇಪ್ಪತ್ತು ಜನ ಬರೆದಿದ್ದರು. ಒಬ್ಬ ನನ್ನ ಜೊತೆ ಏಳನೇ ತರಗತಿಯಲ್ಲಿ ಓದಿದವನು. ಮೂವತ್ತು ವರ್ಷ ಆಗಿತ್ತು ಅವನ ಜೊತೆ ಮಾತಾಡಿ. ನಾನು ಆಟಕ್ಕೆ ಹೋದಾಗಲೆಲ್ಲ ಅವನು ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಿದ್ದನಂತೆ. ಇನ್ನೊಬ್ಬಾಕೆ, ಗಂಡ ತೀರಿಕೊಂಡಾಗ ಅಮ್ಮ ಒಂದು ವಾರ ದಿನಾ ಬಂದು ಏನೂ ಮಾತಾಡದೆ ಪಕ್ಕದಲ್ಲಿ ಕೂತಿರುತ್ತಿದ್ದಳು ಅಂತ ಬರೆದಿದ್ದರು. ಇದು ಯಾವುದೂ ನನಗೆ ಗೊತ್ತೇ ಇರಲಿಲ್ಲ. ಹೋದ ಅಮ್ಮ ಆವತ್ತು ನನಗೆ ಇನ್ನಷ್ಟು ಸಿಕ್ಕಳು. ಡೈರಿಯಲ್ಲಿ ಬರೆದಿಟ್ಟಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ, ಆದರೆ ಆ ಲೆಕ್ಕದ ಹುಡುಗ ಬರುತ್ತಿರಲಿಲ್ಲ ಅಲ್ವಾ?

ಇಷ್ಟೆಲ್ಲ ಅನುಭವಿಸಿದವನು ನಿನಗೆ "ತೆಗಿ" ಅಂದೆ. ಭಯ ಆಯಿತು, ಅಷ್ಟೇ ಕಾರಣ. ಮಗಳು ಒಂಟಿ ಅನ್ನುವುದನ್ನು ಎಲ್ಲರೆದುರು ಓದಿದಾಗ ಎದೆ ಧಸಕ್ ಅಂದಿತು. ನಿನ್ನ ನೋವಿಗಿಂತ ನನ್ನ ಗಾಬರಿ ನನಗೆ ದೊಡ್ಡದಾಗಿ ಕಂಡಿತು.

ಆಮೇಲೆ ಕೂತು ಒಂದಿಷ್ಟು ಓದಿದೆ. 2013ರಲ್ಲಿ ಡೆಟರ್ಸ್ ಮತ್ತು ಮೆಹ್ಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರ ಅಧ್ಯಯನವೊಂದು ಪ್ರಕಟವಾಗಿದೆ. ಅವರು ಕೆಲವು ವಿದ್ಯಾರ್ಥಿಗಳಿಗೆ, ಒಂದು ವಾರ ಫೇಸ್‌ಬುಕ್‌ನಲ್ಲಿ ಮಾಮೂಲಿಗಿಂತ ಜಾಸ್ತಿ ಸ್ಟೇಟಸ್ ಹಾಕಿ ಅಂತ ಹೇಳಿದರು. ಉಳಿದವರಿಗೆ ಹಾಗೇನೂ ಹೇಳಲಿಲ್ಲ. ವಾರದ ಕೊನೆಗೆ ಜಾಸ್ತಿ ಬರೆದವರ ಒಂಟಿತನ ಕಡಿಮೆಯಾಗಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಮಾತು. ಗೆಳೆಯರು ಉತ್ತರ ಕೊಟ್ಟರೋ ಇಲ್ಲವೋ ಅನ್ನುವುದರ ಮೇಲೆ ಆ ಬದಲಾವಣೆ ನಿಂತಿರಲಿಲ್ಲ. ಗೆಳೆಯರ ಜೊತೆ ದಿನಾ ನಂಟಿದೆ ಅನ್ನುವ ಭಾವನೆಯೇ ಅವರ ಒಂಟಿತನ ಇಳಿಸಿತ್ತು. ನನಗೆ ಅನಿಸುವುದು ಹೀಗೆ: ಬರೆಯುವಾಗ ಓದುವವರು ನಮ್ಮ ಕಣ್ಮುಂದೆ ಬರುತ್ತಾರೆ. ಆ ರಾತ್ರಿ ನಾಲ್ಕು ಸಾಲು ಬರೆಯುವಾಗ ನೀನೂ ಯಾರನ್ನೋ ನೆನೆಸಿಕೊಂಡಿರಬೇಕು. ನಾನು ಫೋನ್ ಮಾಡಿ ಅವರನ್ನೆಲ್ಲ ರೂಮಿನಿಂದ ಎಬ್ಬಿಸಿ ಕಳಿಸಿಬಿಟ್ಟೆ.

ನೀನು "ಒಂಟಿ" ಅನ್ನುವ ಪದ ಬಳಸಿದ್ದೆಯಲ್ಲ, ಅದಕ್ಕೂ ಬೆಲೆ ಇದೆ. ಮ್ಯಾಥ್ಯೂ ಲೀಬರ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಿದುಳಿನ ಸ್ಕ್ಯಾನ್ ಮಾಡುತ್ತಾ ಜನರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿದರು. ಆ ಮುಖದ ಭಾವನೆಗೆ ಒಂದು ಪದ ಆರಿಸಿ ಅಂದಾಗ, ಮಿದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ತಗ್ಗಿತು. ಮುಖಕ್ಕೆ ಬರೀ ಒಬ್ಬ ವ್ಯಕ್ತಿಯ ಹೆಸರು ಆರಿಸಿದಾಗ ಅಷ್ಟು ತಗ್ಗಲಿಲ್ಲ. 2019ರಲ್ಲಿ ಇನ್ನೊಂದು ತಂಡ ಸಾವಿರಾರು ಜನರ ಟ್ವೀಟ್‌ಗಳನ್ನು ನಿಮಿಷ ನಿಮಿಷಕ್ಕೆ ನೋಡಿತು. ತನಗೆ ಬೇಸರವಾಗಿದೆ ಅಂತ ಒಬ್ಬರು ಬರೆಯುವ ಮುಂಚೆ ಬೇಸರ ಏರುತ್ತಾ ಬಂದಿರುತ್ತದೆ. ಬರೆದ ಮೇಲೆ ಬೇಗ ಇಳಿಯುತ್ತದೆ. ಏನೋ ಆಗ್ತಿದೆ ಅನ್ನುವುದಕ್ಕೂ ನನಗೆ ಒಂಟಿ ಅನಿಸ್ತಿದೆ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ಹೆಸರಿಡಲು ಆಗದೇ ನಾನು ಹನ್ನೊಂದು ತಿಂಗಳು ಕಳೆದೆ. ನೀನು ಮೂರೇ ತಿಂಗಳಿಗೆ ಹೆಸರಿಟ್ಟೆ.

ಲೈಕ್ ಎಣಿಸಬೇಡ. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೊಯ್ರಾ ಬರ್ಕ್ ಮತ್ತು ರಾಬರ್ಟ್ ಕ್ರೌಟ್ ಅನ್ನುವ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರ ಮನಸ್ಸಿನ ನೆಮ್ಮದಿ ಜಾಸ್ತಿಯಾಗಿದ್ದು ಹತ್ತಿರದವರು ಅವರಿಗಾಗಿಯೇ ಕೂತು ಬರೆದ ಮಾತಿನಿಂದ. ಒಂದು ಒತ್ತಿನ ಲೈಕ್‌ನಿಂದ ಹಾಗೆ ಆಗಲಿಲ್ಲ. ಬರ್ಕ್ ಫೇಸ್‌ಬುಕ್‌ನಲ್ಲೇ ಕೆಲಸ ಮಾಡುತ್ತಿದ್ದವರು. ಲೈಕ್ ಗುಂಡಿ ಇಟ್ಟ ಕಂಪನಿಯ ಒಳಗಿನವರೇ ಹೀಗೆ ಹೇಳಿದ್ದು ನನಗೆ ಮುಖ್ಯ ಅನಿಸಿತು. ಇನ್ನೂರು ಜನ ಹೃದಯದ ಗುರುತು ಒತ್ತಿ ಹೋಗಬಹುದು. ನಿನಗೆ ಬೇಕಾಗಿದ್ದು "ನಾಳೆ ಸಂಜೆ ಫೋನ್ ಮಾಡಲಾ?" ಅನ್ನುವ ಒಬ್ಬರು.

ಅದಕ್ಕೇ, ಎಲ್ಲವನ್ನೂ ಎಲ್ಲರಿಗೂ ಕಾಣಿಸಬೇಕು ಅಂತೇನಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಆಪ್ತರಿಗೆ ಮಾತ್ರ ಕಾಣುವಂತೆ ಸ್ಟೋರಿ ಹಾಕಲು ಬರುತ್ತದೆ, ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರ ಗುಟ್ಟು ನಿನ್ನ ದುಃಖದ ಜೊತೆ ಹೊರಗೆ ಬರದಿರಲಿ. ಸಿಟ್ಟು ಉರಿಯುವಾಗ ಬರೆದಿದ್ದನ್ನು ಒಂದು ರಾತ್ರಿ ಹಾಗೇ ಇಟ್ಟು ನೋಡು. ಒಂದೇ ನೋವನ್ನು ಗೆಳತಿಯ ಜೊತೆ ತಿಂಗಳುಗಟ್ಟಲೆ ಕೆದಕುತ್ತಾ ಕೂತರೆ ಗೆಳೆತನ ಗಟ್ಟಿಯಾಗುತ್ತದೆ, ಮನಸ್ಸು ಮಾತ್ರ ಇನ್ನೂ ಕುಗ್ಗಬಹುದು. ಇದನ್ನೂ ಅಧ್ಯಯನ ಮಾಡಿ ತೋರಿಸಿದ್ದಾರೆ. ಬದುಕೇ ಬೇಡ ಅನಿಸುವಷ್ಟು ಭಾರವಾದ ದಿನ ಬಂದರೆ ಪೋಸ್ಟ್ ಹಾಕಿ ಕಾಯಬೇಡ. ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು. ಇಬ್ಬರೂ ಸೇರಿ ಡಾಕ್ಟರ್ ಹತ್ತಿರ ಹೋಗೋಣ.

ಖುಷಿಯನ್ನೂ ಹಂಚಿಕೋ ಪುಟ್ಟೀ. ನಿನಗೆ ಕೆಲಸ ಸಿಕ್ಕಿದ್ದನ್ನು ನೀನು ಯಾರಿಗೂ ಹೇಳಲಿಲ್ಲ, ಜಂಬ ಅಂದುಕೊಳ್ಳುತ್ತಾರೆ ಅಂತ. ಒಳ್ಳೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿ, ಅವರೂ ಅರಳಿದಾಗ ನಮ್ಮ ಸಂತೋಷ ಇನ್ನಷ್ಟು ಹೆಚ್ಚುತ್ತದೆ. ಈ ಅಂಜಿಕೆಯೂ ನನ್ನಿಂದಲೇ ಬಂದಿರಬೇಕು ಅಂತ ಈಗ ಅನಿಸುತ್ತಿದೆ.

ಆ ನಾಲ್ಕು ಸಾಲನ್ನು ಮತ್ತೆ ಹಾಕು ಅಂತ ನಾನು ಹೇಳುವುದಿಲ್ಲ. ಹಾಕುವುದು, ಬಿಡುವುದು ನಿನ್ನಿಷ್ಟ. ಹಾಕಿದರೆ ಈ ಸಲ ನಾನು ಕೆಳಗೆ ಏನಾದರೂ ಬರೆಯುತ್ತೇನೆ, ಫೋನ್ ಮಾಡಿದರೆ ಮೊದಲು ಹೇಗಿದ್ದೀಯಾ ಅಂತ ಕೇಳುತ್ತೇನೆ. ನಿನ್ನ ಆಪ್ತರ ಪಟ್ಟಿಯಲ್ಲಿ ನನ್ನನ್ನು ಸೇರಿಸದೇ ಹೋದರೂ ಬೇಜಾರಿಲ್ಲ. ಅಪ್ಪನಿಗೆ ಕಾಣದ ಒಂದು ಜಾಗ ನಿನಗೂ ಬೇಕು.

ಅಜ್ಜಿಯ ಕನ್ನಡಕದ ಕೆಳಗೆ ಬಂದ ಮಾತುಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೆ. ಇದರ ಜೊತೆ ಕಳಿಸುತ್ತಿದ್ದೇನೆ. ಮೂರನೆಯದನ್ನು ಮೊದಲು ಓದು. ಅಜ್ಜಿ ನಿನ್ನ ಬಗ್ಗೆ ಪಕ್ಕದ ಮನೆಯವರ ಹತ್ತಿರ ಏನು ಹೇಳಿಕೊಳ್ಳುತ್ತಿದ್ದಳು ಅಂತ ಅದರಲ್ಲಿದೆ.

ನಿನ್ನ,
ಅಪ್ಪ