ಚಕ್ರ ಉರುಳುವ ಮೊದಲೂ ಕೆಲಸವಿದೆ

ಮಾನ್ಯರೇ,

2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ 10 ಸಾವಿರಕ್ಕೂ ಹೆಚ್ಚು ವಿಮಾನ ಪರಿಚಾರಕರು ಮುಷ್ಕರ ಹೂಡಿದರು. ಜನರನ್ನು ಹತ್ತಿಸುವುದು, ಬ್ಯಾಗ್ ಇಡಿಸುವುದು, ತಡವಾದಾಗ ಬೈಸಿಕೊಳ್ಳುವುದು, ಇದ್ಯಾವುದಕ್ಕೂ ಆಗ ಸಂಬಳವಿರಲಿಲ್ಲ. ವಿಮಾನ ಕದಲಿದ ಮೇಲಷ್ಟೇ ಲೆಕ್ಕ ಎಂಬುದು ಅವರ ಸಿಟ್ಟು. ಕೆಲಸಕ್ಕೆ ಮರಳಿ ಎಂಬ ಆದೇಶ ಬಂದರೂ ಸಂಘ ಜಗ್ಗಲಿಲ್ಲ. ನಾಲ್ಕನೇ ದಿನ ಒಪ್ಪಂದವಾಯಿತು. ನೆಲದ ಕೆಲಸಕ್ಕೂ ಸ್ವಲ್ಪ ದುಡ್ಡು ಸಿಕ್ಕಿತು.

ನಾನೂ ಗಗನಸಖಿ. ಮುಷ್ಕರ ನನಗೇನೂ ಇಷ್ಟವಿಲ್ಲ. ಊರಿಗೆ ಹೊರಟವರು ಏರ್‌ಪೋರ್ಟ್‌ನಲ್ಲಿ ಸಿಕ್ಕಿಕೊಂಡರೆ ನನಗೂ ಸಂಕಟವೇ. ಆದರೆ ನಗುತ್ತಾ ಕೇಳಿದರೆ ಯಾರೂ ಕೊಡಲ್ಲ, ಅಲ್ವಾ? ಸಂಘ ಅಂದರೆ ನಮ್ಮ ಮನೆಯಲ್ಲೇ "ಸುಮ್ನಿರು, ಕೆಲಸ ಹೋಗುತ್ತೆ" ಅನ್ನುತ್ತಾರೆ. ಒಬ್ಬಳೇ ಕೇಳಿದರೆ ಹೋಗುತ್ತದೆ, ನಿಜ. ಅದಕ್ಕೇ ಸಂಘ ಬೇಕು ಅನ್ನುವುದು.

– ಒಬ್ಬ ಗಗನಸಖಿ, ಬೆಂಗಳೂರು