ಲದ್ದಿ ಹುಳುವಿಗೆ ಮದ್ದು ಕೇಳಿದ್ದಿರಲ್ಲ, ಅಪ್ಪ

ಎಂಬಿಟಾ, ಕೆನ್ಯಾ
ಆಗಸ್ಟ್ 4

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವು, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹೋದ ಭಾನುವಾರ ಫೋನಿನಲ್ಲಿ ನೀವು ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಕೆರೆ ಕೆಳಗಿನ ಹೊಲದ ಮುಸುಕಿನ ಜೋಳಕ್ಕೆ ಲದ್ದಿ ಹುಳು ಬಿದ್ದಿದೆ, ಎರಡು ಸಲ ಔಷಧಿ ಹೊಡೆದರೂ ಸುಳಿಯೊಳಗೆ ಹಾಗೆಯೇ ಕೂತಿದೆ ಎಂದಿರಿ. "ಅಷ್ಟು ದೂರ ಹೋಗಿ ಹುಳದ ಮೇಲೇ ಓದುತ್ತಿದ್ದೀಯಲ್ಲ, ಇದಕ್ಕೊಂದು ಮದ್ದು ಹೇಳಬಾರದೇ?" ಎಂದಿರಿ. ಆಗ ಏನೋ ಅರ್ಧಂಬರ್ಧ ಹೇಳಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಈ ಕಾಗದ.

ನಿನ್ನೆ ಇಲ್ಲಿಯ ಒಬ್ಬ ರೈತ ಹೆಂಗಸಿನ ಹೊಲದಲ್ಲಿ ಇಡೀ ದಿನ ಇದ್ದೆ. ಎಲ್ಲರೂ ಅವರನ್ನು ಮಾಮಾ ಎನ್ನುತ್ತಾರೆ. ಈ ಕಡೆ ಮಾಮಾ ಎಂದರೆ ಅಮ್ಮ. ಅವರಿಗಿರುವುದು ಒಂದೂಕಾಲು ಎಕರೆ, ಮಳೆಯನ್ನೇ ನಂಬಿದ ಭೂಮಿ. ಮುಸುಕಿನ ಜೋಳದ ಎರಡು ಸಾಲಿನ ನಡುವೆ ಒಂದೊಂದು ಸಾಲು ಡೆಸ್ಮೋಡಿಯಂ ಎಂಬ ಬಳ್ಳಿ, ಹೊಲದ ಸುತ್ತ ಬೇಲಿಯ ಹಾಗೆ ಬ್ರಾಕಿಯೇರಿಯಾ ಹುಲ್ಲು. ಡೆಸ್ಮೋಡಿಯಂ ನಮ್ಮ ಅಲಸಂದೆಯ ಹಾಗೆ ದ್ವಿದಳ ಜಾತಿಯದು, ಎಲೆಯ ತುಂಬ ನವಿರಾದ ರೋಮ. ಸಾಲಿನೊಳಗೆ ನಡೆದು ಹೊರಗೆ ಬರುವಷ್ಟರಲ್ಲಿ ಅದರ ಕಾಯಿ ಉತ್ತರಾಣಿ ಬೀಜದ ಹಾಗೆ ಮಂಡಿಯವರೆಗೂ ಬಟ್ಟೆಗೆ ಅಂಟಿಕೊಂಡಿತ್ತು. ಮಾಮಾ ನನ್ನನ್ನು ಕೂರಿಸಿ ಒಂದೊಂದನ್ನೇ ಬಿಡಿಸಿ ಸೆರಗಿಗೆ ಹಾಕಿಕೊಂಡರು. ಒಂದು ಕಾಯಿಯನ್ನೂ ನೆಲಕ್ಕೆ ಬೀಳಿಸಲಿಲ್ಲ. ಆ ಬೀಜಕ್ಕೆ ಇಲ್ಲಿ ಅಷ್ಟು ಬೆಲೆ.

ಇದು ಮೊದಲು ಹುಟ್ಟಿದ್ದು ಬೇರೊಂದು ಹುಳುವಿಗೆ, ನಿಮ್ಮ ಲದ್ದಿ ಹುಳುವಿನ ಮಾತಿಗೆ ಆಮೇಲೆ ಬರುತ್ತೇನೆ. ಈ ಬಳ್ಳಿಯ ವಾಸನೆ ಜೋಳದ ಕಾಂಡ ಕೊರೆಯುವ ಹುಳುವಿನ ಪತಂಗಕ್ಕೆ ಆಗದು, ಮೊಟ್ಟೆಯಿಡಲು ಬಂದದ್ದು ಹೊರಗೆ ಹೋಗುತ್ತದೆ. ಹೊರಗೆ ಅಂಚಿನ ಹುಲ್ಲಿನ ವಾಸನೆ ಅದನ್ನು ಕರೆಯುತ್ತದೆ, ಅಲ್ಲಿ ಮೊಟ್ಟೆಯಿಡುತ್ತದೆ. ಆದರೆ ಆ ಹುಲ್ಲಿನಲ್ಲಿ ಮರಿಗಳು ಹೆಚ್ಚಿನವು ಬದುಕುವುದಿಲ್ಲ. ಮೊದಲು ಅಂಚಿಗೆ ಹಾಕುತ್ತಿದ್ದದ್ದು ನೇಪಿಯರ್, ನಮ್ಮ ಬದುವಿನ ಸೀಮೆಹುಲ್ಲೇ. ಮರಿ ಅದರ ಕಾಂಡ ಕೊರೆದರೆ ಅಂಟು ರಸ ಒಸರಿ ಅದರಲ್ಲೇ ಸಿಕ್ಕಿ ಸಾಯುತ್ತದೆ. ಒಳಗಿನಿಂದ ಅಟ್ಟುವುದು, ಹೊರಗಿನಿಂದ ಸೆಳೆಯುವುದು. ಸ್ವಾಹಿಲಿಯಲ್ಲಿ 'ವೂಟಾ ಸುಕುಮಾ' ಎನ್ನುತ್ತಾರೆ, ಸೆಳೆ–ತಳ್ಳು ಎಂದು ಅರ್ಥ. ನಾನಿರುವ ಕೀಟ ಸಂಶೋಧನಾ ಕೇಂದ್ರ ಇಸಿಪೆಯ ವಿಜ್ಞಾನಿಗಳು, ಇಂಗ್ಲೆಂಡಿನ ಕೃಷಿ ಸಂಶೋಧನಾ ಸಂಸ್ಥೆ ರಾಥಮ್‌ಸ್ಟೆಡ್‌ನವರು ಸೇರಿ 1990ರ ದಶಕದಲ್ಲಿ ಇದೇ ಎಂಬಿಟಾದ ತಾಕುಗಳಲ್ಲಿ ಇದನ್ನು ಕಟ್ಟಿದರು. ಮುಂದೆ ನಿಂತು ನಡೆಸಿದವರು ಜಿಯಾವುರ್ ಖಾನ್, ಭಾರತದವರು. ಅಜ್ಜಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಹುಳುವಿಗೆಂದು ಹಾಕಿದ ಬಳ್ಳಿ ಇನ್ನೊಂದು ಕೆಲಸವನ್ನೂ ಮಾಡಿತು. ಇಲ್ಲಿ ಸ್ಟ್ರೈಗಾ ಎಂಬ ಕಳೆ ಇದೆ, ಈ ಸೀಮೆಯ ಲುವೊ ಜನ 'ಕಯೊಂಗೊ' ಎನ್ನುತ್ತಾರೆ. ನೋಡಲು ಚಂದದ ನೇರಳೆ ಹೂ. ಮಣ್ಣಿನೊಳಗೇ ಜೋಳದ ಬೇರಿಗೆ ಅಂಟಿ ರಸ ಹೀರುತ್ತದೆ, ಅದು ಮೇಲೆ ಕಾಣಿಸುವ ಹೊತ್ತಿಗೆ ಪೈರಿನ ಅರ್ಧ ಶಕ್ತಿ ಹೋಗಿರುತ್ತದೆ. ಒಂದು ಗಿಡಕ್ಕೆ ಹತ್ತಾರು ಸಾವಿರ ಬೀಜ, ಧೂಳಿನಷ್ಟು ಸಣ್ಣವು, 10 ವರ್ಷ ಕಳೆದರೂ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಡೆಸ್ಮೋಡಿಯಂ ಹಾಕಿದ ತಾಕುಗಳಲ್ಲಿ ಕಯೊಂಗೊ ಇಲ್ಲವಾದದ್ದನ್ನು ಕಂಡು ಆಮೇಲೆ ಕಾರಣ ಹುಡುಕಿದರು. ಬಳ್ಳಿಯ ಬೇರು ಸ್ರವಿಸುವ ರಸದಲ್ಲಿ ಕೆಲವು ಪದಾರ್ಥಗಳು ಆ ಬೀಜವನ್ನು ಎಬ್ಬಿಸುತ್ತವೆ, ಇನ್ನು ಕೆಲವು ಜೋಳದ ಬೇರಿಗೆ ಅಂಟಲು ಬಿಡುವುದಿಲ್ಲ. ಎದ್ದ ಬೀಜ ಆಸರೆಯಿಲ್ಲದೆ ಸಾಯುತ್ತದೆ. ವರ್ಷ ವರ್ಷ ಮಣ್ಣಿನ ಬೀಜದ ರಾಶಿಯೇ ಕರಗುತ್ತದೆ. ಜೊತೆಗೆ ಮಣ್ಣಿಗೆ ಸಾರಜನಕ, ಹಸುವಿಗೆ ಮೇವು. ಹೆಕ್ಟೇರಿಗೆ 1 ಟನ್ ಜೋಳವೂ ಸಿಗದಿದ್ದ ಕಡೆ 3.5 ಟನ್‌ವರೆಗೆ ಬಂದದ್ದಿದೆ. ನಮ್ಮ ಲೆಕ್ಕದಲ್ಲಿ ಎಕರೆಗೆ 4 ಕ್ವಿಂಟಾಲ್ ಇದ್ದದ್ದು 14 ಆದ ಹಾಗೆ.

ಇದನ್ನೆಲ್ಲ ಓದಿ ಸುಲಭವೆಂದು ಅಂದುಕೊಳ್ಳಬೇಡಿ, ಅಪ್ಪ. ಮೊದಲ ಬೆಳೆಯಲ್ಲಿ ಕಷ್ಟವಿದೆ. ಡೆಸ್ಮೋಡಿಯಂ ಬೀಜ ಸಾಸಿವೆಗಿಂತ ಸಣ್ಣದು, ಮೊಳೆತು ನಿಲ್ಲಲು ನಿಧಾನ. ಮೊದಲ ವಾರಗಳಲ್ಲಿ ಅದನ್ನೂ ಕಳೆಯನ್ನೂ ಬೇರೆ ಮಾಡಿ ಗುರುತಿಸುವುದೇ ಕಷ್ಟ. ಮಾಮಾ ಮೊದಲ ವರ್ಷ ಕೂಲಿಯವರಿಗೆ ಕಳೆ ತೆಗೆಯಲು ಹೇಳಿ ಸಂತೆಗೆ ಹೋಗಿದ್ದರಂತೆ. ಬಂದು ನೋಡಿದರೆ ನಾಲ್ಕು ಸಾಲು ಬಳ್ಳಿ ಬುಡಸಮೇತ ಬದುವಿನ ಮೇಲೆ ಒಣಗುತ್ತಿತ್ತು. ಆ ವರ್ಷ ಪಕ್ಕದ ಹೊಲದಿಂದ ಬಳ್ಳಿಯ ತುಂಡು ತಂದು ಮತ್ತೆ ನೆಟ್ಟರು. ಈಗ ಊರಿನ ಹೆಂಗಸರ ಸಂಘಕ್ಕೆ ಅವರೇ ಕಲಿಸುತ್ತಾರೆ. ಎಲೆ ಮುಟ್ಟಿಸಿ, "ಕಣ್ಣು ಮೋಸ ಮಾಡುತ್ತದೆ, ಬೆರಳಿಗೆ ಗೊತ್ತಾಗುತ್ತದೆ" ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಎಷ್ಟು ಒಳ್ಳೆಯದನ್ನು ಕಂಡುಹಿಡಿದರೂ ಈ ಮೊದಲ ಎರಡು ತಿಂಗಳು ರೈತನ ಜೊತೆ ಯಾರಾದರೂ ನಿಲ್ಲದಿದ್ದರೆ ಅದು ಹೊಲದಲ್ಲಿ ಉಳಿಯುವುದಿಲ್ಲ. ಇಲ್ಲಿಗೆ ಬಂದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದೊಂದೇ. ನಮ್ಮ ಊರಿನಲ್ಲೂ ಎಷ್ಟು ಒಳ್ಳೆಯ ತಳಿ ಹೀಗೇ ಕೈಬಿಟ್ಟು ಹೋದವು, ನೀವೇ ಹೇಳುತ್ತಿದ್ದಿರಿ.

ಅಮ್ಮನಿಗೆ ಒಂದು ಮಾತು. ಮಾಮಾ ಮಧ್ಯಾಹ್ನ ಕೊಟ್ಟದ್ದು ರಾಗಿ ಗಂಜಿ. ಲುವೊ ಭಾಷೆಯಲ್ಲಿ ರಾಗಿಗೆ 'ಕಾಲ್', ಗಂಜಿಗೆ ಸ್ವಾಹಿಲಿಯಲ್ಲಿ 'ಉಜಿ'. ಸ್ವಲ್ಪ ಹುಳಿ ಬಂದಿತ್ತು, ನಮ್ಮ ಅಂಬಲಿಯೇ. ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ. ರಾಗಿ ಹುಟ್ಟಿದ್ದೇ ಈ ಕಡೆಯ ಎತ್ತರದ ಸೀಮೆಯಲ್ಲಿ, ಉಗಾಂಡ ಇಥಿಯೋಪಿಯಾಗಳ ಕಡೆ. ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂತು. ತಾತ ಹೊಗಳುತ್ತಿದ್ದ ಇಂಡಾಫ್ ರಾಗಿಯ ಹೆಸರಿನಲ್ಲೇ ಆ ನಂಟಿದೆ: ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಇಲ್ಲಿಯ ರಾಗಿಯನ್ನು ಕೂಡಿಸಿ 1970ರ ದಶಕದಲ್ಲಿ ಆ ತಳಿಗಳನ್ನು ಕೊಟ್ಟರು. ಮಾಮಾಗೆ ಇದನ್ನು ಹೇಳಿದೆ. ಅವರು ಎದ್ದು ಒಳಗೆ ಹೋಗಿ ಇನ್ನೊಂದು ಲೋಟ ತಂದರು.

ಬರೀ ಒಳ್ಳೆಯದೇ ಓಡಾಡಿಲ್ಲ. ಇವರ ಜೋಳ ಕೊರೆಯುವ ಒಂದು ಹುಳು ಏಷ್ಯಾದಿಂದಲೇ ಇಲ್ಲಿಗೆ ಬಂದದ್ದು. ನಿಮ್ಮ ಹೊಲದ ಲದ್ದಿ ಹುಳು ಅಮೆರಿಕ ಖಂಡದ್ದು: 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು, 2018ರಲ್ಲಿ ಶಿವಮೊಗ್ಗದ ಜೋಳದಲ್ಲಿ ಕಾಣಿಸಿತು. ಅದೇ ವರ್ಷ ಇಲ್ಲಿಯವರು ಕೆನ್ಯಾ, ಉಗಾಂಡ, ಟಾಂಜಾನಿಯಾಗಳ ರೈತರ ಹೊಲ ನೋಡಿ ಬರೆದ ಲೆಕ್ಕದಲ್ಲಿ, ಡೆಸ್ಮೋಡಿಯಂ ಇದ್ದ ಹೊಲಗಳಲ್ಲಿ ಆ ಹುಳು ಬರೀ ಜೋಳದ ಹೊಲಗಳಲ್ಲಿ ಇದ್ದುದಕ್ಕಿಂತ ಶೇ 80ಕ್ಕೂ ಮೀರಿ ತಗ್ಗಿತ್ತು.

ಹಾಗೆಂದು ಬೀಜವನ್ನು ಲಕೋಟೆಯಲ್ಲಿಟ್ಟು ಕಳಿಸಲಾರೆ. ಪರವಾನಗಿಯಿಲ್ಲದೆ ಬೀಜ ದೇಶ ದಾಟಬಾರದು. ಹೊಸ ರೋಗ, ಹೊಸ ಹುಳು ಬರುವುದು ಹಾಗೆಯೇ. ಇದ್ದುದರಲ್ಲೇ ಮಾಡುವುದನ್ನು ಹೇಳುತ್ತೇನೆ. ಬದುವಿನ ಸೀಮೆಹುಲ್ಲನ್ನು ಹೊಲದ ಸುತ್ತ ಮೂರು ನಾಲ್ಕು ಸಾಲು ಮಾಡಿ. ಹುಲ್ಲಿನಲ್ಲಿ ಹುಳು ತಿಂದ ಗುರುತು ಕಂಡ ಕೂಡಲೇ ಅದಕ್ಕೆ ಶೇ 5ರ ಬೇವಿನ ಬೀಜದ ಕಷಾಯ ಹೊಡೆಯಿರಿ. ನಮ್ಮ ಕೃಷಿ ವಿಜ್ಞಾನ ಕೇಂದ್ರದವರನ್ನೂ ಒಮ್ಮೆ ಕೇಳಿ ನೋಡಿ. ಮುಂದಿನ ಸಲ ಜೋಳವನ್ನು ಒಂಟಿಯಾಗಿ ಹಾಕಬೇಡಿ. ಅಜ್ಜಿ ರಾಗಿಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಸಾಲು ಹಾಕಿಸುತ್ತಿದ್ದರಲ್ಲ, ಹಾಗೆ ಜೋಳಕ್ಕೂ ತೊಗರಿಯನ್ನೋ ಅಲಸಂದೆಯನ್ನೋ ಹಾಕಿ. ಅವು ಡೆಸ್ಮೋಡಿಯಂನಷ್ಟು ಕೆಲಸ ಮಾಡುತ್ತವೆ ಎಂದು ನಾನು ಹೇಳಲಾರೆ, ಆದರೆ ಬರೀ ಜೋಳಕ್ಕಿಂತ ವಾಸಿ.

ನನಗಾಗಿ ಒಂದು ಕೆಲಸ ಮಾಡಿ. ಬೆಳಗ್ಗೆ ಹೊಲಕ್ಕೆ ಹೋದಾಗ ಐದು ಕಡೆ ನಿಂತು ಇಪ್ಪತ್ತಿಪ್ಪತ್ತು ಗಿಡದ ಸುಳಿ ಬಿಡಿಸಿ ನೋಡಿ. ನೂರರಲ್ಲಿ ಎಷ್ಟಕ್ಕೆ ಹಸಿ ಲದ್ದಿ ಇದೆ ಎಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು ಹಾಕಿ ಬರೆದಿಡಿ. ಎಲೆಯ ಮೇಲೆ ಮೊಟ್ಟೆಯ ಗುಂಪು ಕಂಡರೆ ಅಲ್ಲೇ ಹಿಸುಕಿಬಿಡಿ. ಭಾನುವಾರ ಫೋನು ಮಾಡಿದಾಗ ಮೊದಲು ಆ ಲೆಕ್ಕ ಓದಿ ಹೇಳಿ, ಮಿಕ್ಕ ಮಾತು ಆಮೇಲೆ.

ಕತ್ತಲಾಗಿದೆ. ವಿಕ್ಟೋರಿಯಾ ಸರೋವರದ ಮೇಲೆ ಒಮೆನಾ ಎಂಬ ಸಣ್ಣ ಮೀನು ಹಿಡಿಯುವವರ ದೀಪಗಳು ಹೊತ್ತಿಕೊಂಡಿವೆ. ನಾಳೆ ಬೆಳಗ್ಗೆ ಬೆಂಗಳೂರಿಗೆ ಹೊರಡುವ ಸಹೋದ್ಯೋಗಿಯ ಕೈಯಲ್ಲಿ ಇದನ್ನು ಕೊಡಬೇಕು. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು