ಮನೆಗೆಲ್ಲ ಒಂದೇ ಫೋನು ಇದ್ದರೆ ಯಾವ ಬ್ರೌಸರ್?

ಪ್ರಿಯ ಪೋಷಕರೇ, ನಮಸ್ಕಾರ.

ಗಾಬರಿ ಬೇಡ, ಇದು ಹಾಜರಿ ಬಗ್ಗೆಯೂ ಅಲ್ಲ, ಮಾರ್ಕ್ಸ್ ಬಗ್ಗೆಯೂ ಅಲ್ಲ. ನಿಮ್ಮ ಫೋನಿನ ಬ್ರೌಸರ್, ಅಂದರೆ ಇಂಟರ್ನೆಟ್ ಪೇಜು ತೆಗೆಯುವ ಆ್ಯಪ್ ಬಗ್ಗೆ.

ಕಳೆದ ತಿಂಗಳು ಒಬ್ಬ ತಂದೆ ಬಂದು ಫೋನು ಮೇಜಿನ ಮೇಲಿಟ್ಟರು. "ಮೇಡಂ, ಯಾವ ಪೇಜು ತೆಗೆದರೂ ಎತ್ತರ ಬೆಳೆಯುವ ಪುಡಿಯ ಜಾಹೀರಾತು. ಹ್ಯಾಕ್ ಆಗಿದೆಯಾ?" ಹ್ಯಾಕ್ ಏನೂ ಆಗಿರಲಿಲ್ಲ. ಅವರ ಮಗ ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲುವ ಹುಡುಗ. ಮನೆಯಲ್ಲಿ ಕೇಳಲು ನಾಚಿಕೆಯಾಗಿ ಎತ್ತರ ಬೆಳೆಯುವುದು ಹೇಗೆ ಅಂತ ರಾತ್ರಿ ಅಪ್ಪನ ಫೋನನ್ನು ಕೇಳಿದ್ದ. ಹಿಸ್ಟರಿಯನ್ನೂ ಅಳಿಸಿದ್ದನಂತೆ ಪಾಪ. (ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಹಿಸ್ಟರಿ ಅಳಿಸಿದರೆ ನಿಮಗೆ ಕಾಣುವ ಪಟ್ಟಿ ಹೋಗುತ್ತದೆ, ಅಷ್ಟೇ. ವೆಬ್‌ಸೈಟುಗಳು ನಿಮ್ಮ ಫೋನಿನಲ್ಲಿ ಇಡುವ ಕುಕಿ ಅನ್ನುವ ಪುಟ್ಟ ಗುರುತಿನ ಚೀಟಿ ಬೇರೆ. ಅದನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಮಾಡಿದ್ದು, ಒಂದು ವೆಬ್‌ಸೈಟಿಗೆ ಮತ್ತೆ ಹೋದಾಗ ಅದಕ್ಕೆ ನಿಮ್ಮ ನೆನಪಿರಲಿ ಅಂತ. ಆಮೇಲೆ ಜಾಹೀರಾತು ಕಂಪನಿಗಳು ಸಾವಿರಾರು ಸೈಟುಗಳಲ್ಲಿ ಕುಕಿ ಇಡುವ ತಮ್ಮ ಪ್ರೋಗ್ರಾಮಿನ ತುಣುಕು ಕೂರಿಸಿದವು. ಪೇಟೆಯ ಪ್ರತಿ ಅಂಗಡಿಯಲ್ಲೂ ಒಬ್ಬನೇ ಮನುಷ್ಯ ಪುಸ್ತಕ ಹಿಡಿದು ಕೂತು, ನೀವು ಎಲ್ಲಿ ಏನು ವಿಚಾರಿಸಿದಿರಿ ಅಂತ ಬರೆದುಕೊಂಡರೆ ಹೇಗಿರುತ್ತದೆ, ಹಾಗೆ.

"ಇನ್‌ಕಾಗ್ನಿಟೊ ಇದೆಯಲ್ಲ" ಅನ್ನಬಹುದು. ಗೂಗಲ್‌ನ ಕ್ರೋಮ್ ಬ್ರೌಸರಿನಲ್ಲಿ ಹಿಸ್ಟರಿ ಉಳಿಸದೆ ಪೇಜು ತೆಗೆಯುವ ಆ ವಿಧಾನ ಮುಖ್ಯವಾಗಿ ನಿಮ್ಮ ಫೋನಿನಲ್ಲಿ ಗುರುತು ಉಳಿಯದಂತೆ ನೋಡಿಕೊಳ್ಳುತ್ತದೆ. ಆ ಕಡೆಯವರು, ಅಂದರೆ ವೆಬ್‌ಸೈಟಿನವರು, ಜಾಹೀರಾತಿನವರು, ನೋಡುವುದು ನಿಲ್ಲುವುದಿಲ್ಲ. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು, 2024ರಲ್ಲಿ ರಾಜಿಯಾಗಿ ಕೋಟಿಗಟ್ಟಲೆ ದಾಖಲೆ ಅಳಿಸಲು ಕಂಪನಿ ಒಪ್ಪಿಕೊಂಡಿತು.

ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯೂ 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಅನ್ನುತ್ತದೆ. ಸರಿ, ಆದರೆ ಫೋನು ಹಿಡಿದಿರುವುದು ಅಪ್ಪನೋ ಮಗನೋ ಅಂತ ಆ ಕಂಪನಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ಬ್ರೌಸರನ್ನೇ ಬದಲಾಯಿಸಿ ಅನ್ನುತ್ತಿದ್ದೇನೆ.

ನನ್ನ ಆಯ್ಕೆ ಫೈರ್‌ಫಾಕ್ಸ್. 2004ರಿಂದ ಇದೆ, ಹಿಂದಿರುವ ಮೊಜಿಲ್ಲಾ ಲಾಭಕ್ಕಾಗಿ ನಡೆಯದ ಸಂಸ್ಥೆ. ಒಂದು ಸೈಟಿನ ಕುಕಿ ಇನ್ನೊಂದು ಸೈಟಿಗೆ ಸಿಗದಂತೆ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲೂ ಅದಕ್ಕೆ ಯುಬ್ಲಾಕ್ ಆರಿಜಿನ್ ಅನ್ನುವ ಜಾಹೀರಾತು ತಡೆಯುವ ಪುಟ್ಟ ಪ್ರೋಗ್ರಾಮನ್ನು ಸೇರಿಸಬಹುದು, ಜಾಹೀರಾತು ಬಹುಪಾಲು ನಿಂತುಹೋಗುತ್ತದೆ. ನಮ್ಮ ಲ್ಯಾಬಿನ ಉಬುಂಟು ಕಂಪ್ಯೂಟರ್‌ಗಳಲ್ಲಿ ಇರುವುದೂ ಇದೇ, ಮಕ್ಕಳಿಗೆ ಅಭ್ಯಾಸವಿದೆ.

ಬ್ರೇವ್ ಅನ್ನುವ ಬ್ರೌಸರ್ ಕೂಡ ಒಳ್ಳೆಯದೇ, ಹಾಕಿದ ಕೂಡಲೇ ಜಾಹೀರಾತು ತಡೆಯುತ್ತದೆ. ಆದರೆ ಅದರಲ್ಲಿ ಕ್ರಿಪ್ಟೊ ವಾಲೆಟ್ (ಡಿಜಿಟಲ್ ನಾಣ್ಯ ಇಡುವ ಪರ್ಸು), ಜಾಹೀರಾತು ನೋಡಿದರೆ ಬಹುಮಾನ ಅಂತೆಲ್ಲ ಇದೆ. ಮಕ್ಕಳ ಕೈಗೆ ಅದು ನನಗೆ ಇಷ್ಟವಿಲ್ಲ. ಡಕ್‌ಡಕ್‌ಗೋ ಸರಳ. 2022ರಲ್ಲಿ ಮೈಕ್ರೋಸಾಫ್ಟ್‌ನ ಕೆಲವು ಹಿಂಬಾಲಿಸುವ ತುಣುಕುಗಳನ್ನು, ಅಂದರೆ ಟ್ರ್ಯಾಕರ್‌ಗಳನ್ನು ಬಿಡುತ್ತಿದ್ದದ್ದು ಬಯಲಾಗಿ, ಆಮೇಲೆ ಸರಿಮಾಡಿಕೊಂಡರು. ಟಾರ್ ಮಾತ್ರ ಮನೆಗೆ ಬೇಡ. ನೀವು ಯಾರೆಂದು ಗೊತ್ತಾಗದಂತೆ ಮೂರು ಕಂಪ್ಯೂಟರ್ ಸುತ್ತಿಸಿ ಕಳಿಸುವ ಬ್ರೌಸರ್ ಅದು, ಹಾಗಾಗಿ ನಿಧಾನ, ಹೋಮ್‌ವರ್ಕಿಗೆ ಅದು ಯಾಕೆ ಹೇಳಿ?

ಹೋದ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: "ಇದನ್ನು ಹಾಕಿದರೆ ಮಗು ಏನು ನೋಡುತ್ತಿದೆ ಅಂತ ನಮಗೇ ಗೊತ್ತಾಗುವುದಿಲ್ಲ ಅಲ್ವಾ?" ಗೊತ್ತಾಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಹಿಸ್ಟರಿ ಮಾಮೂಲಿನಂತೆ ಉಳಿಯುತ್ತದೆ, ತಡೆಯುವುದು ಹೊರಗಿನವರನ್ನು. ಆದರೆ ದಿನಾ ಹಿಸ್ಟರಿ ತೆಗೆದು ನೋಡಬೇಡಿ ಅಂತಲೂ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಆ ಹುಡುಗನ ಎತ್ತರದ ಚಿಂತೆಯಂಥದ್ದು ಹದಿನಾಲ್ಕು ವರ್ಷದಲ್ಲಿ ನಮಗೂ ಇತ್ತು. ನಮ್ಮ ಪುಣ್ಯ, ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಇನ್ನೊಂದು ಮಾತು. ಬ್ರೌಸರ್ ಬದಲಿಸಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಗೂಗಲ್, ಫೇಸ್‌ಬುಕ್‌ಗೆ ಲಾಗಿನ್ ಆಗಿದ್ದರೆ ಅಲ್ಲಿ ಮಾಡಿದ್ದು ಅವರಿಗೆ ಗೊತ್ತೇ ಇರುತ್ತದೆ. ಯೂಟ್ಯೂಬ್ ಆ್ಯಪ್ ಬೇರೆ, ಬ್ರೌಸರ್ ಬೇರೆ.

ಈ ಶನಿವಾರ ಸಭೆಗೆ ಬರುವಾಗ ಫೋನು ಚಾರ್ಜ್ ಮಾಡಿಕೊಂಡು ತನ್ನಿ. ಹತ್ತನೇ ತರಗತಿಯ ಮಕ್ಕಳು ಲ್ಯಾಬಿನಲ್ಲಿ ಕೂತು ಹಾಕಿಕೊಡುತ್ತಾರೆ, ಐದು ನಿಮಿಷದ ಕೆಲಸ. ಲಾಕ್ ನೀವೇ ತೆಗೆಯಿರಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ನನಗೂ. ಮನೆಯಲ್ಲೇ ಹಾಕಿಕೊಳ್ಳುವವರು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಬೇಡಿ, ಅದು ನನ್ನ ಹೆಸರಿನಲ್ಲಿ ಬಂದಿದ್ದರೂ ಸರಿಯೇ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ